ಯಲ್ಲಕ್ಕನ ಕೈಯ ನೀರು

ಯಲ್ಲಕ್ಕನಿಗೆ ಊರಿನ ಮೇಲಿದ್ದ ಸಿಟ್ಟೆಲ್ಲ ಇಳಿದಿದೆ. ಗಂಡ ರಂಗಪ್ಪನ ಮೇಲಿನದೊಂದು ಮಾತ್ರ ಇನ್ನೂ ಉಳಿದುಕೊಂಡಿದೆ. ಅವನು ಸತ್ತು ಹದಿನೈದು ವರ್ಷವಾಯಿತು. ಸತ್ತವನ ಮೇಲೆ ಎಂತ ಸಿಟ್ಟು ಮಾರಾಯ್ತಿ ಎಂದು ಯಾರಾದರೂ ಕೇಳಿದರೆ ಅವಳು ಒಲೆಯ ಕಡೆ ಮುಖ ತಿರುಗಿಸುತ್ತಾಳೆ.

“ಬದುಕಿದ್ದಿದ್ರೆ ಜಗಳ ಆಡಿ ಮುಗಿಸ್ತಿದ್ದೆ. ಅರ್ಧಕ್ಕೆ ಬಿಟ್ಟು ಎದ್ದು ಹೋದ. ಈಗ ಯಾರ ಹತ್ರ ಆಡದು?”

ಜಗಳ ಒಂದು ತುತ್ತು ಅನ್ನದ್ದು. ಒಂದು ಮಧ್ಯಾಹ್ನ ಅವಳು ಬಿಸಿ ಅನ್ನಕ್ಕೆ ಬಸಳೆ ಸಾರು ಬಡಿಸಿ ಗಂಡನ ಎದುರು ಕೂತಿದ್ದಳು. ರಂಗಪ್ಪ ಸ್ವಲ್ಪ ಹೊತ್ತು ತಟ್ಟೆಯನ್ನೇ ನೋಡಿದ. ಕೈ ತೊಳೆದಿದ್ದ, ಆದರೂ ಕೈ ಹಾಕಲಿಲ್ಲ. ಆಮೇಲೆ ಎರಡು ಬೆರಳಿನಿಂದ ತಟ್ಟೆಯನ್ನು ಅವಳ ಕಡೆಗೆ ತಳ್ಳಿ, ತಲೆ ಎತ್ತದೆ ಹೇಳಿದ.

“ನೀನೊಂದು ತುತ್ತು ತಿನ್ನು ಮೊದ್ಲು.”

ಹದಿನೆಂಟು ವರ್ಷ ಅವಳ ಕೈಯಡುಗೆ ಉಂಡ ಮನುಷ್ಯ. ಯಲ್ಲಕ್ಕ ತಟ್ಟೆಯನ್ನು ಎತ್ತಿಕೊಂಡು ಹೋಗಿ ಅಂಗಳಕ್ಕೆ ಬೀಸಿ ಒಗೆದಳು. ತಟ್ಟೆ ಉರುಳಿಕೊಂಡು ಹೋಗಿ ತುಳಸಿಕಟ್ಟೆಗೆ ಬಡಿದು ಬಿತ್ತು. “ನಾನು ತಿಂದು ತೋರ್ಸದು ಅಂತಿಲ್ಲ. ಬೇಕಿದ್ರೆ ಉಣ್ಣು, ಬ್ಯಾಡದಿದ್ರೆ ಬಿಡು,” ಎಂದಳು. ರಂಗಪ್ಪ ಬಿಟ್ಟ. ಅವತ್ತಿನಿಂದ ಕೈಮರದ ಹತ್ತಿರ ಸುಬ್ರಾಯನ ಅಂಗಡಿಯಲ್ಲಿ ಬನ್ನು ತಿಂದು ಚಾ ಕುಡಿದು ದಿನ ನೂಕಿದ. ಹನ್ನೊಂದು ತಿಂಗಳ ನಂತರ ಎದೆನೋವು ಬಂದು, ಜೀಪು ಕೊಪ್ಪದ ಆಸ್ಪತ್ರೆ ಮುಟ್ಟುವ ಮೊದಲೇ ತೀರಿಹೋದ. ಅವಳು ಅಡುಗೆ ಬಡಿಸದೆ ಹನ್ನೊಂದು ತಿಂಗಳಾಗಿದ್ದರೂ ಊರು ಹೇಳಿದ್ದು ಒಂದೇ ಮಾತು: ಗಂಡನಿಗೂ ಹಾಕಿದಳು.

ಹಾಕುವುದು ಎಂದರೆ ಮದ್ದು. ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಬೇರೆ ಕಡೆಯವರಿಗೆ ಹೇಳಬೇಕು. ಕೆಲವು ಹೆಂಗಸರು ಊಟದಲ್ಲೋ ಕಾಫಿಯಲ್ಲೋ ಏನನ್ನೋ ಸೇರಿಸಿ ಕೊಡುತ್ತಾರೆ, ಅದು ಹೊಟ್ಟೆಯ ಗೋಡೆಗೆ ಅಂಟಿಕೊಂಡು ಮನುಷ್ಯನನ್ನು ಒಳಗಿಂದೊಳಗೇ ಒಣಗಿಸುತ್ತದೆ ಎಂದು ನಂಬಿಕೆ. ಹಾಕಿದ್ದನ್ನು ಕಂಡವರು ಯಾರೂ ಇಲ್ಲ. ಕಂಡವರನ್ನು ಕಂಡವರು ಮಾತ್ರ ಊರೂರಲ್ಲೂ ಇದ್ದಾರೆ. ಒಂದು ಹೆಂಗಸಿನ ಮೇಲೆ ಆ ಹೆಸರು ಬಿತ್ತೆಂದರೆ ಮುಗಿಯಿತು. ಅವಳ ಮನೆಯಲ್ಲಿ ಯಾರೂ ನೀರು ಮುಟ್ಟುವುದಿಲ್ಲ. ಮುಟ್ಟಲೇಬೇಕಾದ ಕಷ್ಟ ಬಂದರೆ, ಮೊದಲು ನೀನು ಕುಡಿದು ತೋರಿಸು ಎನ್ನುತ್ತಾರೆ. ಕೊಟ್ಟವಳೇ ಕುಡಿದರೆ ಮದ್ದಿಗೆ ಬಲವಿಲ್ಲವಂತೆ. ಇದಕ್ಕಿಂತ ಕೆನ್ನೆಗೆ ಹೊಡೆಯುವುದು ಮರ್ಯಾದೆ.

ಯಲ್ಲಕ್ಕನ ಮೇಲೆ ಆ ಹೆಸರು ಬಿದ್ದದ್ದು ಪತ್ರೊಡೆಯಿಂದ. ಕೊಪ್ಪದಿಂದ ನರಸಿಂಹರಾಜಪುರಕ್ಕೆ ಹೋಗುವ ದಾರಿಯಲ್ಲಿ, ಕೈಮರದಿಂದ ಒಂದೂವರೆ ಮೈಲಿ ಒಳಗೆ ಹೊಸಗದ್ದೆ ಎಂಬ ಊರಿದೆ. ಯಲ್ಲಕ್ಕ ನೆಮ್ಮಾರಿನ ಕಡೆಯಿಂದ ಅಲ್ಲಿಗೆ ಮದುವೆಯಾಗಿ ಬಂದವಳು. ಬೇಲಿಯ ಆಚೆ ವೆಂಕಮ್ಮನ ಮನೆ. ಕೆಸುವಿನ ಎಲೆ ಚಿಗುರುವ ತಿಂಗಳಲ್ಲಿ ಯಲ್ಲಕ್ಕ ಪತ್ರೊಡೆ ಮಾಡಿದರೆ ಹಿಡಿ ಇರುವ ಒಂದು ತೂಕುಪಾತ್ರೆಯ ತುಂಬ ಬೇಲಿ ದಾಟಿ ಹೋಗುತ್ತಿತ್ತು. ವೆಂಕಮ್ಮ ಪಾತ್ರೆಯನ್ನು ಖಾಲಿ ಕಳಿಸಿದವಳಲ್ಲ. ಏನೂ ಇಲ್ಲದಿದ್ದರೆ ತಳಕ್ಕೆ ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಿ ಕೊಡುತ್ತಿದ್ದಳು.

ಒಂದು ವರ್ಷ ಪತ್ರೊಡೆ ಹೋದ ಮೇಲೆ ವೆಂಕಮ್ಮನ ಮಗ ಸುಂದರೇಶನಿಗೆ ಹೊಟ್ಟೆನೋವು ಹತ್ತಿತು. ಇಪ್ಪತ್ತಾರರ ಹುಡುಗ ಕಡ್ಡಿಯಾದ. ಅವನು ಎನ್.ಆರ್. ಪುರದಲ್ಲಿ ಕೂತು ಎಷ್ಟು ಕುಡಿಯುತ್ತಿದ್ದನೆಂದು ಇಡೀ ಊರಿಗೆ ಗೊತ್ತಿತ್ತು, ತಾಯಿಯೊಬ್ಬಳಿಗೆ ಗೊತ್ತಿರಲಿಲ್ಲ. ಅವಳು ಅವನನ್ನು ಘಟ್ಟದ ಕೆಳಗೆ ಮದ್ದು ತೆಗೆಯುವವನ ಹತ್ತಿರ ಕರೆದುಕೊಂಡು ಹೋದಳು. ಅವನು ಹಾಲಿನಲ್ಲಿ ಏನೋ ಬೇರು ಅರೆದು ಕುಡಿಸಿದ. ಹುಡುಗ ಬಾಳೆಯೆಲೆಯ ಮೇಲೆ ಕಾರಿದ. ಮದ್ದು ತೆಗೆಯುವವನು ಅದನ್ನು ಕಡ್ಡಿಯಲ್ಲಿ ಕೆದಕಿ ಕೂದಲಿನ ಹಾಗಿನ ಏನನ್ನೋ ಎತ್ತಿ ತೋರಿಸಿ, “ಪಡುವಣ ಕಡೆಯಿಂದ ಮದುವೆಯಾಗಿ ಬಂದ ಹೆಂಗಸು. ಗಲ್ಲದ ಮೇಲೆ ಮಚ್ಚೆ,” ಎಂದ. ಹೊಸಗದ್ದೆಗೆ ಪಡುವಣದಿಂದ ಬಂದ ಸೊಸೆಯರು ಐದು ಮಂದಿ. ಗಲ್ಲದ ಮೇಲೆ ಮಚ್ಚೆ ಇದ್ದವಳು ಒಬ್ಬಳೇ.

ಮಾರನೆಯ ಬೆಳಿಗ್ಗೆ ತೂಕುಪಾತ್ರೆ ಬೇಲಿಯ ಮೇಲಿಂದ ಹಾರಿಬಂದು ಕೊಟ್ಟಿಗೆಯ ಮುಂದೆ ಬಿತ್ತು. ಮುಚ್ಚಳ ಆಮೇಲೆ ಬಂತು. ತಳದಲ್ಲಿ ಒಂದು ಹರಳು ಸಕ್ಕರೆಯೂ ಇರಲಿಲ್ಲ.

ಮುಂದೆ ಸುಂದರೇಶನನ್ನು ಶಿವಮೊಗ್ಗಕ್ಕೆ ಒಯ್ದರು. ಕುಡಿತದಿಂದ ಲಿವರ್ ಊದಿದೆ, ಇನ್ನೊಂದು ತೊಟ್ಟು ಕುಡಿದರೆ ಸಾಯುತ್ತಾನೆ ಎಂದರು ಡಾಕ್ಟರು. ಅವನು ಹೆದರಿ ಕುಡಿತ ಬಿಟ್ಟ, ಗುಣವಾದ. ಗುಣವಾದದ್ದರ ಹೆಸರು ಮದ್ದು ತೆಗೆದವನಿಗೆ ಹೋಯಿತು. ಯಲ್ಲಕ್ಕನ ಹೆಸರು ಮಾತ್ರ ಅಲ್ಲೇ ಉಳಿಯಿತು.

ಅಡಿಕೆ ಸುಲಿಯುವ ಕೆಲಸ ಒಬ್ಬರೇ ಕೂತು ಮಾಡುವುದಲ್ಲ. ಹತ್ತು ಮಂದಿ ಸುತ್ತ ಕೂತು, ಮಾತಾಡುತ್ತಾ, ನಡುವೆ ಕಾಫಿ ಕುಡಿಯುತ್ತಾ ಮಾಡುವುದು. ಯಲ್ಲಕ್ಕ ಬಂದು ಕೂತರೆ ಪಕ್ಕದವರು ಲೋಟವನ್ನು ಅಂಗೈಯಲ್ಲಿ ಮುಚ್ಚಿಕೊಳ್ಳುತ್ತಿದ್ದರು. ಎರಡನೆಯ ವರ್ಷದಿಂದ ಅವಳನ್ನು ಯಾರೂ ಕರೆಯಲಿಲ್ಲ. ನೀರಿಗೂ ಅಷ್ಟೆ. ಊರಿನ ಬಾವಿಗೆ ಬೆಳಿಗ್ಗೆ ಹೋದರೆ ಹೆಂಗಸರು ಕೊಡ ಎತ್ತಿಕೊಂಡು ಸರಿದು ನಿಲ್ಲುತ್ತಿದ್ದರು. ಹಾಗಾಗಿ ಮಧ್ಯಾಹ್ನ, ಬಾವಿಯ ಹತ್ತಿರ ಕಾಗೆ ಕೂಡ ಇಲ್ಲದ ಹೊತ್ತಿನಲ್ಲಿ ಹೋಗಿ ಸೇದಿಕೊಂಡು ಬರುತ್ತಿದ್ದಳು.

ಬೇರೆ ಹೆಂಗಸಾಗಿದ್ದರೆ ಅತ್ತು ಸೊರಗುತ್ತಿದ್ದಳೇನೋ. ಯಲ್ಲಕ್ಕ ಸೊರಗಲಿಲ್ಲ, ತಿರುಗಿ ನಿಂತಳು. ನೀವು ಹೆದರುವುದು ನನ್ನ ಲೋಟಕ್ಕೆ ತಾನೆ, ಸರಿ ಎಂದುಕೊಂಡಳು. ಒಂದು ದಿನ ಮೇಲಿನಮನೆಯ ಮುದುಕ ಅವಳ ಬೇಲಿಯ ಬಿದಿರು ಕಡಿಯುತ್ತಿದ್ದ. ಅವಳು ಬಯ್ಯಲಿಲ್ಲ. ಸೆರಗು ಸರಿ ಮಾಡಿಕೊಂಡು ಬಾಗಿಲಿಗೆ ಬಂದು, ನಗುತ್ತಾ ಕರೆದಳು.

“ಬನ್ನಿ ಮಾವಯ್ಯ, ಬಿಸಿಲಲ್ಲಿ ಬಂದೀರಿ. ಒಂದು ಲೋಟ ಕಾಫಿ ಕುಡ್ಕಂಡು ಹೋಗಿ.”

“ಇಲ್ಲ ಇಲ್ಲ, ಈಗಷ್ಟೇ ಕುಡ್ದಿದ್ದು.”

“ಇನ್ನೊಂದು ಕುಡಿರಿ. ಬೆಲ್ಲ ಹೆಚ್ಚಿಗೆ ಹಾಕ್ತೀನಿ.”

ಮುದುಕ ಕತ್ತಿಯನ್ನೂ ಬಿಟ್ಟು ಓಡಿದ. ಅವಳು ಆ ಕತ್ತಿಯನ್ನು ತಂದು ಗೋಡೆಗೆ ನೇತು ಹಾಕಿದಳು. ಆಮೇಲೆ ಅದೇ ಅವಳ ದಾರಿಯಾಯಿತು. ಬಸ್ಸಿನಲ್ಲಿ ಸೀಟು ಬೇಕಾದರೆ ಪಕ್ಕದವರಿಗೆ ಬಿಸ್ಕತ್ತು ಚಾಚಿದರೆ ಸಾಕು, ಇಡೀ ಸೀಟು ಖಾಲಿ. ಸುಬ್ರಾಯನ ಅಂಗಡಿಯಲ್ಲಿ ಸಾಮಾನು ತಡವಾದರೆ, “ನಮ್ಮನೆ ಮಜ್ಜಿಗೆ ತಂದೀನಿ ಸುಬ್ರಾಯಣ್ಣ,” ಎನ್ನುತ್ತಿದ್ದಳು. ಅವನು ಬೇರೆಯವರದನ್ನೆಲ್ಲ ಬಿಟ್ಟು ಅವಳ ಚೀಲ ತುಂಬುತ್ತಿದ್ದ. ಮನೆಗೆ ಬಂದು ಒಬ್ಬಳೇ ನಗುತ್ತಿದ್ದಳು. ಊರು ಹೇಳಿದ ಹೆಂಗಸೇ ತಾನಾಗಿಬಿಟ್ಟಿದ್ದೇನೆ ಎಂದು ಅವಳಿಗೆ ಗೊತ್ತಿತ್ತು.

ಹೀಗೆ ಎಂಟೊಂಬತ್ತು ವರ್ಷ ಹೋಯಿತು. ಹಳ್ಳದ ಆಚೆ ಕೇರಳದಿಂದ ಬಂದು ನೆಲೆಸಿದವರ ರಬ್ಬರ್ ತೋಟವಿತ್ತು. ಅದರ ಯಜಮಾನಿ ಏಲಿಯಮ್ಮ ಅರವತ್ತು ದಾಟಿದ ಗಟ್ಟಿ ಹೆಂಗಸು, ಮಂಡಿ ಮಾತ್ರ ಕೈಕೊಟ್ಟಿತ್ತು. ಮರಕ್ಕೆ ಕಟ್ಟಿದ ಬಟ್ಟಲಿಂದ ರಬ್ಬರ್ ಹಾಲನ್ನು ಬಕೆಟಿಗೆ ಸುರಿಯಲು, ಹೆಪ್ಪಾದ ಮೇಲೆ ಯಂತ್ರಕ್ಕೆ ಕೊಟ್ಟು ಶೀಟು ಒತ್ತಲು ಒಬ್ಬರು ಬೇಕಾಗಿದ್ದರು. ಯಲ್ಲಕ್ಕ ಹೋಗಿ ನಿಂತಳು. ಎಲ್ಲರೂ ಏಲಿಯಮ್ಮನನ್ನು ಅವರ ಮಾತಿನಲ್ಲಿ ಚೇಚಿ, ಅಂದರೆ ಅಕ್ಕ, ಎನ್ನುತ್ತಿದ್ದರು, ಇವಳೂ ಹಾಗೆಯೇ ಕರೆದಳು. ಅವಳಿಗೆ ಇವಳು ಮೋಳೆ, ಅಂದರೆ ಮಗಳು.

ಮೊದಲ ದಿನವೇ, ಬಿಸಿಲು ನೆತ್ತಿಗೆ ಬಂದ ಹೊತ್ತಿನಲ್ಲಿ ಏಲಿಯಮ್ಮ ಮರದ ಬುಡದಲ್ಲಿ ಕುಸಿದು ಕೂತಳು.

“ಮೋಳೆ, ಸ್ವಲ್ಪ ನೀರು ಕೊಡು.”

ಯಲ್ಲಕ್ಕನ ಹತ್ತಿರ ಇದ್ದದ್ದು ಅವಳ ಮನೆಯಿಂದ ತಂದ ಬಾಟಲಿ. ಹಳೆಯ ಚಾಳಿ ಬಾಯಿಗೆ ಬಂತು. “ಕೊಡ್ತೀನಿ. ನನ್ನ ಕೈ ನೀರು ಕುಡಿತೀರಾ?” ಎಂದು ಹಲ್ಲು ಬಿಟ್ಟಳು. ಏಲಿಯಮ್ಮ ಬಾಟಲಿ ಇಸಿದುಕೊಂಡು ಗಟಗಟನೆ ಕುಡಿದಳು. ಯಲ್ಲಕ್ಕನಿಗೆ ಕೋಪ ಬಂತು. ಗೊತ್ತಿಲ್ಲದೆ ಕುಡಿದವಳಿಗೆ ಮೋಸ ಮಾಡಿದ ಹಾಗಾಯಿತಲ್ಲ.

“ನಿಮಗೆ ಯಾರೂ ಹೇಳ್ಲಿಲ್ವಾ? ನಾನು ಮದ್ದು ಹಾಕೋಳು.”

“ಹೇಳಿದಾರೆ. ಸುಬ್ರಾಯ ಹೇಳಿದ, ವೆಂಕಮ್ಮ ಹೇಳಿದಳು, ಹಾಲಿನ ಡೈರಿಯವನೂ ಹೇಳಿದ. ಇನ್ನೂ ಇದೆಯಾ ನೋಡು, ದಾಹ ಹೋಗಲಿಲ್ಲ.”

ಯಲ್ಲಕ್ಕ ಬಾಟಲಿ ಹಿಡಿದು ನಿಂತೇ ಇದ್ದಳು. ಅವಳ ಕೈಯಿಂದ ಒಬ್ಬರು ಕೇಳಿ ಕುಡಿದು ಅಷ್ಟು ವರ್ಷವಾಗಿತ್ತು. ಹೆದರಿಕೆ ಇಲ್ವಾ ಎಂದು ಕೇಳಿದಳು. ಏಲಿಯಮ್ಮ ಬಾಯಿ ಒರೆಸಿಕೊಂಡಳು.

“ನಮ್ಮ ಕರ್ತ ಏಸುವೇ ಕೇಳಿದಾನೆ ಇಂಥ ನೀರು. ನಾನು ಯಾವ ದೊಡ್ಡವಳು?”

ಆಮೇಲೆ ಶೀಟು ಒತ್ತುತ್ತಾ ಕತೆ ಹೇಳಿದಳು. ಏಸು ನಡೆದು ನಡೆದು ಸುಸ್ತಾಗಿ, ಮಟಮಟ ಮಧ್ಯಾಹ್ನ ಒಂದು ಬಾವಿಯ ಕಟ್ಟೆಯ ಮೇಲೆ ಕೂತಿದ್ದ. ಊರವರು ಸೇರಿಸದ ಒಬ್ಬ ಹೆಂಗಸು ಒಂಟಿಯಾಗಿ ಕೊಡ ತೆಗೆದುಕೊಂಡು ಬಂದಳು. ಅವಳ ಜನದ ಪಾತ್ರೆಯಲ್ಲಿ ಇವನ ಜನ ಕುಡಿಯುವ ಪದ್ಧತಿಯೇ ಇಲ್ಲ. ಅವನು ಅವಳ ಹತ್ತಿರ ನೀರು ಕೇಳಿದ. ಅವಳ ಬದುಕಿನ ಹುಳುಕೆಲ್ಲ ಅವನಿಗೆ ಗೊತ್ತಿತ್ತು. ಗೊತ್ತಿದ್ದೇ ಕೇಳಿದ.

ಯಂತ್ರ ತಿರುಗಿಸುತ್ತಿದ್ದ ಯಲ್ಲಕ್ಕನ ಕೈ ನಿಂತಿತು.

“ಮಧ್ಯಾಹ್ನವಾ?”

“ಮಧ್ಯಾಹ್ನ.”

“ಮೊದ್ಲು ನೀನು ಕುಡಿ ಅಂದ್ನಾ ಅವನು?”

ಏಲಿಯಮ್ಮನಿಗೆ ಈ ಪ್ರಶ್ನೆ ಹೊಸದು. ಐವತ್ತು ವರ್ಷದಿಂದ ಕೇಳಿದ ಕತೆಯನ್ನೆಲ್ಲ ಮನಸ್ಸಿನಲ್ಲಿ ಒಮ್ಮೆ ಓಡಿಸಿದಳು. “ಇಲ್ಲ ಮೋಳೆ. ಹಾಗೆ ಇದ್ದಂತಿಲ್ಲ.”

“ಇದ್ದಂತಿಲ್ಲ ಅಂದ್ರಾಗಲ್ಲ. ಸರಿಯಾಗಿ ಕೇಳ್ಕಂಡು ಬನ್ನಿ.”

ಭಾನುವಾರ ಪೂಜೆ ಮುಗಿದ ಮೇಲೆ ಏಲಿಯಮ್ಮ ಪಾದ್ರಿಯ ಹತ್ತಿರ ಹೋಗಿ ಇದನ್ನೇ ಕೇಳಿದಳು. ಸೋಮವಾರ ತೋಟದಲ್ಲಿ ವರದಿ ಕೊಟ್ಟಳು. “ಹಾಗೆ ಹೇಳಲಿಲ್ಲವಂತೆ. ಅಚ್ಚನ್ ತೆಗೆದು ಓದಿ ತೋರಿಸಿದರು. ಆದರೆ ಇನ್ನೊಂದು ವಿಷಯ ಹೇಳಿದರು. ಅವಳು ನೀರು ಕೊಟ್ಟಳೋ ಇಲ್ಲವೋ ಅದೇ ಬರೆದಿಲ್ಲವಂತೆ. ಇಬ್ಬರೂ ಮಾತಿಗೆ ಕೂತರು, ಕೊನೆಗೆ ಅವಳು ಕೊಡ ಅಲ್ಲೇ ಬಿಟ್ಟು ಊರಿಗೆ ಓಡಿದಳು.”

ಯಲ್ಲಕ್ಕನಿಗೆ ಇದು ಸಹಿಸಲಾಗಲಿಲ್ಲ. “ಹಂಗಾದ್ರೆ ಅವನಿಗೆ ನೀರು ಸಿಗ್ಲೇ ಇಲ್ವಾ? ಬಾಯಾರ್ದೋನ್ನ ಕೂರ್ಸಿ ಮಾತಾಡಿದ್ಲಾ? ಎಂತ ಹೆಂಗಸು ಚೇಚಿ ಅವಳು.” ಆ ಇಡೀ ವಾರ ಅವಳು ಆ ಹೆಂಗಸನ್ನು ಬಯ್ಯುತ್ತಲೇ ಶೀಟು ಒತ್ತಿದಳು.

ಏಪ್ರಿಲಿನಲ್ಲಿ ಶುಭ ಶುಕ್ರವಾರ ಬಂತು, ಏಸುವನ್ನು ಕೊಂದ ದಿನ. ಎನ್.ಆರ್. ಪುರದ ಹತ್ತಿರದ ಇಗರ್ಜಿಗೆ ಏಲಿಯಮ್ಮ ಅವಳನ್ನೂ ಕರೆದಳು. ಜೀಪಿನಲ್ಲಿ ಹೋಗುವಾಗ, ಅವನು ಶಿಲುಬೆಯ ಮೇಲೆ ಸಾಯುವ ಮೊದಲೂ ಒಮ್ಮೆ ದಾಹ ಎಂದು ಕೇಳಿದ ಎಂದಳು.

“ಎರಡನೇ ಸಲವಾ?” ಯಲ್ಲಕ್ಕ ಕೇಳಿದಳು. “ಆಗ್ಲಾದ್ರೂ ಕೊಟ್ರಾ?”

“ಅಲ್ಲಿ ನೋಡು, ಗೊತ್ತಾಗುತ್ತೆ.”

ಇಗರ್ಜಿಯ ಬಾಗಿಲಿನಲ್ಲಿ ಹಾಗಲಕಾಯಿ ಅರೆದು ಹುಳಿ ಬೆರೆಸಿದ ಕಹಿನೀರನ್ನು ಒಂದೇ ಲೋಟದಲ್ಲಿ ಎಲ್ಲರಿಗೂ ಕೊಡುತ್ತಿದ್ದರು. ಆ ದಿನ ಅವರಲ್ಲಿ ಅದೊಂದು ಪದ್ಧತಿ. ಯಲ್ಲಕ್ಕ ಒಂದು ಗುಟುಕು ಕುಡಿದು ಮುಖ ಹಿಂಡಿದಳು. ನೀರು ಕೇಳಿದವನಿಗೆ ಇದನ್ನು ಕೊಟ್ಟರು ಎಂದು ಏಲಿಯಮ್ಮ ಕಿವಿಯಲ್ಲಿ ಹೇಳಿದಳು. ಆ ಹೊತ್ತಿಗೆ ಹಿಂದಿದ್ದ ಹೆಂಗಸು ಯಲ್ಲಕ್ಕನ ಕೈಯಿಂದ ಲೋಟ ತೆಗೆದುಕೊಂಡು, ಒರೆಸದೆ, ತಿರುಗಿಸದೆ, ಅವಳು ಬಾಯಿಟ್ಟಲ್ಲೇ ಬಾಯಿಟ್ಟು ಕುಡಿದಳು. ಅವಳ ಹಿಂದಿನವನೂ ಕುಡಿದ. ಯಾರೂ ಯಲ್ಲಕ್ಕನನ್ನು ತಿರುಗಿ ನೋಡಲಿಲ್ಲ.

ಒಳಗೆ ಏಸುವಿನ ಮೂರ್ತಿಯಿದ್ದ ಮರದ ಶಿಲುಬೆಯನ್ನು ಮೆಟ್ಟಿಲಿಗೆ ಒರಗಿಸಿದ್ದರು. ಜನ ಸಾಲಾಗಿ ಹೋಗಿ ಪಾದಕ್ಕೆ ಮುತ್ತಿಡುತ್ತಿದ್ದರು. ಯಲ್ಲಕ್ಕನ ಸರದಿ ಬಂದಾಗ ಅವಳು ಮುತ್ತಿಡಲಿಲ್ಲ. ಚೀಲದಿಂದ ನೀರಿನ ಬಾಟಲಿ ತೆಗೆದು, ಮುಚ್ಚಳ ಬಿಚ್ಚಿ, ಆ ಪಾದದ ಪಕ್ಕದಲ್ಲಿ ಇಟ್ಟಳು. ಉಪವಾಸದ ದಿನ, ಎಲ್ಲರೂ ಮೌನವಾಗಿದ್ದ ಜಾಗ. ಯಾರೋ ಕಿಸಕ್ಕೆಂದರು. ಪಾದ್ರಿ ಬಾಟಲಿಯನ್ನು ನೋಡಿದರು, ಅವಳನ್ನು ನೋಡಿದರು, ತೆಗೆಯಬೇಡಿ ಎಂದು ಕೈಸನ್ನೆ ಮಾಡಿದರು.

ಅವಳು ಪಕ್ಕಕ್ಕೆ ಸರಿದು ಗೋಡೆಗೆ ಒರಗಿ ಕೂತು ಆ ಮುಖವನ್ನೇ ನೋಡಿದಳು. ಊರೆಲ್ಲ ಸೇರಿ ಹೊರಗೆ ಹಾಕಿದ ಮುಖ. ಅದಕ್ಕೆ ಅವಳ ಮೇಲೆ ಸಂಶಯವೇ ಇರಲಿಲ್ಲ. ಕುಡಿಯಲು ಕೊಡು ಎಂದಷ್ಟೇ ಇತ್ತು. ‘ಕುಡಿ ಮಾರಾಯ, ಎಂತದೂ ಹಾಕಿಲ್ಲ,’ ಎಂದು ಮನಸ್ಸಿನಲ್ಲೇ ಹೇಳಿದಳು. ಗೊತ್ತು ಎಂದ ಹಾಗಾಯಿತು. ಕಿವಿಗೆ ಕೇಳಿದ್ದಲ್ಲ. ಅವಳು ಇವತ್ತಿಗೂ ಕೇಳಿಸಿತು ಎಂದು ಸುಳ್ಳು ಹೇಳುವುದಿಲ್ಲ. ಆದರೆ ಆಯಿತು. ಒಂಬತ್ತು ವರ್ಷದಿಂದ ಯಾರಾದರೂ ಒಬ್ಬರು ಹೇಳಲಿ ಎಂದು ಕಾದಿದ್ದ ಮಾತು ಅದು.

ಇಂಬಳ ರಕ್ತ ಹೀರಿ ಹೊಟ್ಟೆ ತುಂಬಿದ ಮೇಲೆ ತಾನಾಗಿಯೇ ಉದುರುತ್ತದಲ್ಲ, ಹಾಗೆ ಸಿಟ್ಟು ಉದುರಿತು. ಉದುರಿದ ಮೇಲೂ ಸ್ವಲ್ಪ ಹೊತ್ತು ರಕ್ತ ಬರುತ್ತದೆ. ಅವಳಿಗೂ ಬಂತು, ಕಣ್ಣಿನಿಂದ. ಆ ಅಳುವಿನ ನಡುವೆ ನೆನಪಾದದ್ದು ರಂಗಪ್ಪನ ಎರಡು ಬೆರಳು. ತಟ್ಟೆ ತಳ್ಳುವಾಗ ಆ ಬೆರಳು ನಡುಗುತ್ತಿತ್ತು. ಇಷ್ಟು ವರ್ಷ ಅವಳು ತಳ್ಳಿದ್ದನ್ನಷ್ಟೇ ನೆನೆದಿದ್ದಳು, ನಡುಗಿದ್ದನ್ನು ನೆನೆದಿರಲಿಲ್ಲ.

ಎಲ್ಲ ಮುಗಿದ ಮೇಲೆ ಪಾದ್ರಿ ಬಾಟಲಿ ಹಿಡಿದುಕೊಂಡು ಹೊರಗೆ ಬಂದರು. “ಅಮ್ಮ, ಅವನಿಗೆ ಕೊಡಬೇಕಾದ್ದನ್ನು ಬಾಯಾರಿದವರಿಗೆ ಕೊಡಿ. ಅದು ನನಗೇ ಮುಟ್ಟುತ್ತದೆ ಎಂದು ಅವನೇ ಹೇಳಿ ಹೋಗಿದ್ದಾನೆ,” ಎಂದರು.

“ನನ್ನ ಕೈಯಿಂದ ಯಾರೂ ಕುಡಿಯಲ್ಲ ಸ್ವಾಮಿ.”

“ಇಟ್ಟು ನೋಡಿ. ಕುಡಿಸುವ ಕೆಲಸ ನಿಮ್ಮದಲ್ಲ.”

ಮುಂದಿನ ವಾರ ಕೈಮರದ ಬಸ್ ತಂಗುದಾಣದಲ್ಲಿ ಒಂದು ಮಣ್ಣಿನ ಹರವಿ ಬಂತು. ಮೇಲೆ ಹಲಗೆ, ಹಲಗೆಯ ಮೇಲೆ ಸ್ಟೀಲಿನ ಲೋಟ. ಯಲ್ಲಕ್ಕ ದಿನಾ ಬೆಳಿಗ್ಗೆ ಒಂದೂವರೆ ಮೈಲಿ ನೀರು ಹೊತ್ತು ತಂದು ತುಂಬಿ, ತೋಟಕ್ಕೆ ಹೋಗುತ್ತಿದ್ದಳು. ಸಂಜೆ ಬಂದು ನೋಡಿದರೆ ತುಂಬಿದ್ದು ತುಂಬಿದ ಹಾಗೆಯೇ ಇರುತ್ತಿತ್ತು. ಸುಬ್ರಾಯ ಅಂಗಡಿಯಿಂದಲೇ ಕೂಗಿ ಕೇಳಿದ.

“ಎಂತದೇ ಯಲ್ಲಕ್ಕ, ಒಬ್ಬೊಬ್ರಿಗೆ ಹಾಕಿ ಸಾಕಾಯ್ತಾ? ಈಗ ಬಸ್ಸಿಗೇ ಹಾಕ್ತೀಯಾ?”

ಗಿರಾಕಿಗಳು ನಕ್ಕರು. ಅವಳ ನಾಲಗೆಯ ತುದಿಗೆ ಹಳೆಯ ಕಾಫಿಯ ಮಾತು ಬಂದಿತ್ತು. ನುಂಗಿಕೊಂಡಳು. “ಬಿಸಿಲು ಜೋರಿದೆ ಸುಬ್ರಾಯಣ್ಣ, ಯಾರಾದ್ರೂ ಕೇಳಿದ್ರೆ ಕೊಡಿ,” ಎಂದಷ್ಟೇ ಹೇಳಿ ನಡೆದಳು. ಸುಬ್ರಾಯನಿಗೆ ಬೈಸಿಕೊಂಡಿದ್ದರೆ ಸಮಾಧಾನವಾಗುತ್ತಿತ್ತು. ಆ ದಿನ ಅವನು ಎರಡು ಸಲ ತೂಕ ತಪ್ಪಿದ.

ಒಂದು ಸಲ ಯಾರೋ ಹರವಿ ಒಡೆದರು. ಅವಳು ಇನ್ನೊಂದು ತಂದಿಟ್ಟಳು. ಅದೇ ವಾರ ಮೇಲಿನಮನೆಯ ಮುದುಕನ ಮನೆಗೆ ಹೋಗಿ, ಕತ್ತಿಯನ್ನು ಮಸೆದು ಎಣ್ಣೆ ಹಚ್ಚಿ ಜಗಲಿಯ ಮೇಲೆ ಇಟ್ಟು ಬಂದಳು. ಪಾಪದವನು ಮೂರು ದಿನ ಅದನ್ನು ಮುಟ್ಟಲಿಲ್ಲ, ಹಿಡಿಗೆ ಏನಾದರೂ ಹಚ್ಚಿದ್ದಾಳೆಂದು. ಮೊದಲ ವರ್ಷ ಅವಳ ನೀರು ಕುಡಿದವರು ಊರಿನ ಗುರುತಿಲ್ಲದವರು: ಲಾರಿಯವರು, ಸಿರಿಮನೆ ಜಲಪಾತಕ್ಕೆ ಹೋಗುವ ದಾರಿ ತಪ್ಪಿ ಬಂದ ಹುಡುಗರು, ಕಂಬಳಿ ಮಾರುವವನೊಬ್ಬ. ಸಂಜೆ ಹರವಿಯೊಳಗೆ ಬೆರಳಿಟ್ಟು ಎಷ್ಟು ಇಳಿದಿದೆ ಎಂದು ನೋಡಿ, ಅಲ್ಲೇ ನಿಂತು ಹೇಳುತ್ತಿದ್ದಳು. “ಇವತ್ತು ನಾಲ್ಕು ಬೆರಳು ಇಳ್ದದೆ. ಉಪಕಾರ ಆಯ್ತು ಮಾರಾಯ.”

ಭಾನುವಾರ ಇಗರ್ಜಿಯ ಹಿಂದಿನ ಬೆಂಚಿನಲ್ಲಿ ಕೂತು ಬರುವುದೂ ರೂಢಿಯಾಯಿತು. ಯಲ್ಲಕ್ಕ ಕಿರಿಸ್ತಾನಳಾದಳಂತೆ ಎಂದು ಊರು ಇನ್ನೊಂದು ಮಾತು ಸೇರಿಸಿತು. ಅವಳು ಇಲ್ಲವೆನ್ನಲಿಲ್ಲ, ಹೌದು ಎಂದು ಸಾರಿಕೊಂಡು ಬರಲೂ ಇಲ್ಲ. ಬಾವಿಗೆ ಮಾತ್ರ ಬೆಳಿಗ್ಗೆಯೇ, ಎಲ್ಲರೂ ಇರುವ ಹೊತ್ತಿಗೇ ಹೋಗತೊಡಗಿದಳು. ಸರಿದು ನಿಂತವರನ್ನು ಹೆಸರು ಹಿಡಿದು ಮಾತಾಡಿಸಿದಳು.

ಮೂರನೆಯ ವರ್ಷದ ಬೇಸಿಗೆ. ತೋಟದ ಕೆಲಸ ಬೇಗ ಮುಗಿಸಿ ಬಂದ ಯಲ್ಲಕ್ಕ ಹರವಿ ತೊಳೆದು ನೀರು ತುಂಬುತ್ತಿದ್ದ ಒಂದು ಮಧ್ಯಾಹ್ನ ಕೊಪ್ಪದ ಬಸ್ಸಿನಿಂದ ವೆಂಕಮ್ಮ ಇಳಿದಳು, ಜೊತೆಯಲ್ಲಿ ಮಗ ಸುಂದರೇಶ. ಬೇಲಿಯ ಆಚೆಗಿದ್ದರೂ ಹನ್ನೆರಡು ವರ್ಷದಿಂದ ಮಾತಿಲ್ಲ. ವೆಂಕಮ್ಮ ಸಕ್ಕರೆ ಕಾಯಿಲೆಯವಳು. ರಕ್ತ ಪರೀಕ್ಷೆಗೆಂದು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಹೋಗಿದ್ದಳು, ಅಭ್ಯಾಸದ ಮೇಲೆ ಗುಳಿಗೆ ಮಾತ್ರ ನುಂಗಿದ್ದಳು, ಆಮೇಲೆ ತಿಂದದ್ದು ಏನೂ ಇಲ್ಲ. ಬಸ್ಸು ಹೋಗುವುದಕ್ಕೂ ಅವಳು ಬೆಂಚಿನ ಮೇಲೆ ಒರಗುವುದಕ್ಕೂ ಸರಿಹೋಯಿತು. ಮೈಯೆಲ್ಲ ಬೆವರು, ಕೈ ನಡುಕ, ಮಾತು ತೊದಲು. ಸುಬ್ರಾಯ ಊಟಕ್ಕೆಂದು ಅಂಗಡಿಯ ಬಾಗಿಲು ಹಾಕಿ ಹೋಗಿದ್ದ. ಸುಂದರೇಶ ಬಾಗಿಲು ಬಡಿದ, ರಸ್ತೆಯ ಎರಡೂ ಕಡೆ ನೋಡಿದ, ಫೋನು ಎತ್ತಿದ. ಅಲ್ಲಿ ಸಿಗ್ನಲ್ ಇಲ್ಲ.

ಯಲ್ಲಕ್ಕ ಚೀಲದಲ್ಲಿದ್ದ ಬೆಲ್ಲದ ಅಚ್ಚನ್ನು ಕಲ್ಲಿನಲ್ಲಿ ಕುಟ್ಟಿ ಲೋಟದ ನೀರಿಗೆ ಹಾಕಿ ಕದಡಿ ತಂದಳು. ಸುಂದರೇಶ ಅಡ್ಡ ನಿಂತ. ಅವನ ಹೊಟ್ಟೆಯ ಕತೆಯಿಂದಲೇ ಅಲ್ಲವೇ ಇದೆಲ್ಲ ಶುರುವಾದದ್ದು. ಬಾಯಿ ಬ್ಯಾಡ ಎನ್ನುತ್ತಿರಲಿಲ್ಲ, ಕಾಲು ಸರಿಯುತ್ತಿರಲಿಲ್ಲ.

“ಸುಂದರೇಶ, ಸಕ್ಕರೆ ಇಳ್ದದೆ. ಕೊಡ್ದಿದ್ರೆ ನಿನ್ನ ಅಬ್ಬೆ ಉಳಿಯಲ್ಲ.”

ಅವನು ಲೋಟವನ್ನು ನೋಡಿದ. ಅವನ ಕಣ್ಣಿನಲ್ಲಿ ಬಂದ ಮಾತನ್ನು ಯಲ್ಲಕ್ಕ ಚೆನ್ನಾಗಿ ಬಲ್ಲಳು. ರಂಗಪ್ಪನ ಕಣ್ಣಿನಲ್ಲಿ ಕಂಡದ್ದೂ ಅದೇ. ಸಾಯುವವರೆಗೂ ಯಾರ ಮುಂದೆಯೂ ಮಾಡುವುದಿಲ್ಲ ಎಂದುಕೊಂಡಿದ್ದ ಕೆಲಸ ಅದು. ಅವನು ಬಾಯಿ ಬಿಟ್ಟು ಕೇಳುವ ಮೊದಲೇ ಅವಳು ಲೋಟ ಎತ್ತಿ, ತುಟಿಗೆ ತಾಗಿಸದೆ, ಒಂದು ಗುಟುಕು ಗಂಟಲಿಗೆ ಹೊಯ್ದುಕೊಂಡಳು.

“ಕುಡ್ದೆ. ನೋಡ್ದ್ಯಲ್ದಾ. ಈಗ ಪಕ್ಕಕ್ಕೆ ಸರಿ.”

ಅವನು ಸರಿದ. ಯಲ್ಲಕ್ಕ ವೆಂಕಮ್ಮನ ತಲೆಯನ್ನು ತೋಳಿನ ಮೇಲೆ ಎತ್ತಿಕೊಂಡು ಗುಟುಕು ಗುಟುಕಾಗಿ ಕುಡಿಸಿದಳು. ಹತ್ತು ನಿಮಿಷಕ್ಕೆ ಕಣ್ಣು ನೆಟ್ಟಗಾಯಿತು. ತಾನು ಯಾರ ತೋಳಿನಲ್ಲಿದ್ದೇನೆಂದು ವೆಂಕಮ್ಮನಿಗೆ ತಿಳಿಯಿತು, ಲೋಟ ಯಾರದೆಂದೂ ತಿಳಿಯಿತು. ಲೋಟದ ಅಂಚನ್ನೇ ನೋಡುತ್ತಾ ಕೇಳಿದಳು.

“ಎಂಜಲು ಮಾಡಿ ಕೊಟ್ಯನೇ?”

“ಎತ್ತಿ ಕುಡ್ದಿದ್ದು ಅತ್ಗೆ.”

“ಹಂಗಾದ್ರೆ ಇನ್ನರ್ಧ ಲೋಟ ಕೊಡು.”

ಸುಂದರೇಶ ಅತ್ತ ತಿರುಗಿ ನಿಂತು ಮೂಗು ಒರೆಸಿಕೊಂಡ. ಹೋಗುವ ಮೊದಲು ಅವನೂ ಹರವಿಯಿಂದ ಬಗ್ಗಿಸಿಕೊಂಡು ಎರಡು ಲೋಟ ಕುಡಿದ, ಬಾಯಾರಿಕೆ ಇತ್ತೋ ಇಲ್ಲವೋ. ಊಟ ಮುಗಿಸಿ ಬಂದ ಸುಬ್ರಾಯ ಅದನ್ನು ರಸ್ತೆಯ ಆಚೆಯಿಂದಲೇ ನೋಡಿದ. ಅವನು ನೋಡಿದರೆ ಸಾಕು, ಜಯಪುರದವರೆಗೂ ಸುದ್ದಿ.

ತಪ್ಪಾಯಿತು ಎಂದು ವೆಂಕಮ್ಮ ಯಾವತ್ತೂ ಹೇಳಲಿಲ್ಲ. ಅದು ಅವಳ ಬಾಯಲ್ಲಿ ಬರುವ ಮಾತಲ್ಲ. ಆದರೆ ಮಳೆ ಹಿಡಿದು ಕೆಸು ಚಿಗುರಿದ ಮೇಲೆ ಒಂದು ಬೆಳಿಗ್ಗೆ ಬೇಲಿಯ ಮೇಲೆ ಹೊಸ ತೂಕುಪಾತ್ರೆಯೊಂದು ಕಂಡಿತು. ಮುಚ್ಚಳ ತೆಗೆದರೆ ಬಾಯಿಮಟ್ಟ ಸಕ್ಕರೆ. ಬೇಲಿಯಾಚೆಯಿಂದ ಮುದುಕಿಯ ದನಿ ಬಂತು. “ನನಗಂತೂ ಸಕ್ಕರೆ ತಿನ್ನಾಂಗಿಲ್ಲ. ಪತ್ರೊಡೆ ತಿಂಬಕ್ಕೆ ಎಂತ ತೊಂದ್ರೆ ಇಲ್ಲ ಅಂದಾರೆ ಡಾಕ್ಟ್ರು.” ಯಾವ ಡಾಕ್ಟರು ಹೇಳಿದರೆಂದು ಯಲ್ಲಕ್ಕ ಕೇಳಲಿಲ್ಲ.

ಮಧ್ಯಾಹ್ನ ವೆಂಕಮ್ಮ ಮಗನ ಕೈ ಹಿಡಿದುಕೊಂಡು ಬೇಲಿ ದಾಟಿ ಬಂದು ಅವಳ ಅಡುಗೆಮನೆಯ ಮಣೆಯ ಮೇಲೆ ಕೂತಳು. ತಟ್ಟೆ ಇಟ್ಟ ಕೂಡಲೇ ಕೈ ಹಾಕಿದಳು, ಯಾರ ಮುಖವನ್ನೂ ನೋಡಲಿಲ್ಲ. “ಹುಳಿ ಒಂಚೂರು ಕಮ್ಮಿ,” ಎಂದಳು. ಆ ಮಾತಿಗೆ ಯಲ್ಲಕ್ಕನ ಕಣ್ಣಿನಲ್ಲಿ ನೀರು ಬಂತು. ಅಡುಗೆಗೆ ಕೊಂಕು ಹೇಳಬೇಕಾದರೂ ತಿಂದಿರಬೇಕಲ್ಲ. ಅವತ್ತು ಅವಳು ಒಲೆಯ ಮುಂದೆ ನಿಂತು ಹೇಳಿದ ಉಪಕಾರ ಎಲ್ಲಕ್ಕಿಂತ ಉದ್ದವಾಗಿತ್ತು.

ಈಗ ಹರವಿ ದಿನಕ್ಕೆ ಎರಡು ಸಲ ಖಾಲಿಯಾಗುತ್ತದೆ. ಎರಡನೆಯ ಸಲ ತುಂಬುವವನು ಸುಬ್ರಾಯ. ಏಲಿಯಮ್ಮನ ಮಂಡಿ ಪೂರ್ತಿ ಹೋಗಿದೆ, ಕುರ್ಚಿಯಲ್ಲಿ ಕೂತೇ ಶೀಟು ಎಣಿಸುತ್ತಾಳೆ. ಪತ್ರೊಡೆಯ ಮಾರನೆಯ ದಿನ ಯಲ್ಲಕ್ಕ ಅವಳಿಗೂ ಒಂದು ಪಾಲು ಒಯ್ದು ಎಲ್ಲವನ್ನೂ ಹೇಳಿದಳು. ಕೊನೆಗೆ, “ವೆಂಕಮ್ಮನಿಗೆ ಕುಡ್ದು ತೋರ್ಸಿದೆ ಚೇಚಿ. ಕಷ್ಟ ಆಗ್ಲಿಲ್ಲ. ನನ್ನ ಗಂಡನಿಗೆ ಒಂದು ತುತ್ತು ತಿಂದು ತೋರ್ಸಿದ್ರೆ ಎಂತ ಆಗ್ತಿತ್ತು?” ಎಂದಳು.

“ಅದನ್ನು ಕರ್ತನ ಹತ್ತಿರ ಬಿಡು ಮೋಳೆ.”

“ಬಿಟ್ಟಿದೀನಿ. ನನ್ನ ಗಂಡ ಕೇಳಿದ್ದು ತಪ್ಪೇ ಹೌದು, ಅದರ ಸಿಟ್ಟು ನಂಗೆ ಇದ್ದೇ ಇದೆ. ಆದ್ರೆ ಅವನು ಹೆದ್ರಿದ್ದ. ನಾನು ಕೊಡ್ಬೇಕಿತ್ತು.”

ಏಲಿಯಮ್ಮ ಅವಳ ಕೈ ಹಿಡಿದುಕೊಂಡಳು.

ಆ ಮಧ್ಯಾಹ್ನ ಮನೆಗೆ ಬಂದ ಯಲ್ಲಕ್ಕ ಅನ್ನಕ್ಕಿಟ್ಟು ಬಸಳೆ ಸಾರು ಮಾಡಿದಳು. ತುಳಸಿಕಟ್ಟೆಗೆ ಬಡಿದು ಅಂಚು ನಗ್ಗಿದ ಆ ಹಳೆಯ ತಟ್ಟೆಯನ್ನು ತೆಗೆದು ಬಡಿಸಿ, ಗೋಡೆಯ ಮೇಲಿದ್ದ ರಂಗಪ್ಪನ ಫೋಟೋದ ಕೆಳಗೆ ಕೂತಳು. ಒಂದು ತುತ್ತು ಕಲಸಿ ಬಾಯಿಗೆ ಹಾಕಿಕೊಂಡು, ಅಗಿದು, ನುಂಗಿದಳು. ಆಮೇಲೆ ತಟ್ಟೆಯನ್ನು ಎರಡು ಬೆರಳಿನಿಂದ ಗೋಡೆಯ ಕಡೆಗೆ ತಳ್ಳಿದಳು.

“ತಿಂದೆ ನೋಡು. ಈಗ ಉಣ್ಣು.”

ಸಂಜೆಯವರೆಗೂ ತಟ್ಟೆ ಅಲ್ಲೇ ಇತ್ತು. ಒಂದು ತುತ್ತು ಕಡಿಮೆಯಿದ್ದದ್ದು ಬಿಟ್ಟರೆ ಅನ್ನ ಬಡಿಸಿದ ಹಾಗೆಯೇ ಇತ್ತು.